ಪೂಜೆಗೆ ಕೂತ ಕಂಪ್ಯೂಟರ್

ಅನಂತರಾಮ ಇಂಜಿನಿಯರ್ ಎಂಬುದು ದೆಹಲಿಯ ಪೀತಮ್‌ಪುರಾದ ಆ ಬ್ಲಾಕಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಹೊಸಬರು ಬಂದರೆ ಅರ್ಧ ಗಂಟೆಯೊಳಗೆ ಅವರಿಗೂ ಗೊತ್ತಾಗುತ್ತಿತ್ತು. ಓದಿದ್ದು ಸಿವಿಲ್, ಕಟ್ಟಿಸುತ್ತಿದ್ದದ್ದು ಸೇತುವೆ. ಆದರೂ ಮನೆಯ ಮಿಕ್ಸಿ, ಗೀಸರ್, ಇನ್ವರ್ಟರ್ ಯಾವುದಕ್ಕೂ ಹೊರಗಿನವರ ಕೈ ಸೋಕುವಂತಿರಲಿಲ್ಲ. "ಇಂಜಿನಿಯರ್ ಮನೆಗೆ ಮೆಕ್ಯಾನಿಕ್ ಬಂದರೆ ಜನ ನಗ್ತಾರೆ" ಎನ್ನುತ್ತಿದ್ದ. ಜನ ಯಾತಕ್ಕೆ ನಗುತ್ತಿದ್ದರೆಂಬುದು ಹೆಂಡತಿ ಶೈಲಜಾಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ನಾಲ್ಕರ ಆ ದಸರೆಯ ಹೊತ್ತಿಗೆ ಶೈಲಜಾಳ ಆರು ವರ್ಷದ ದುಡಿಮೆಯೆಲ್ಲ ಊಟದ ಮೇಜಿನ ಪಕ್ಕದ ಕಂಪ್ಯೂಟರಿನೊಳಗಿತ್ತು. ದೆಹಲಿಯಲ್ಲಿ ನೆಲೆನಿಂತ ಹಳಬರ ಕನ್ನಡದ ಮೇಲೆ ಅವಳ ಪಿಎಚ್.ಡಿ. ಕರೋಲ್ ಬಾಗಿನಿಂದ ಘಾಜಿಯಾಬಾದ್‌ವರೆಗೆ ಬಸ್ಸು ಹತ್ತಿ ಇಳಿದು, ಮುದುಕ ಮುದುಕಿಯರ ಮಾತನ್ನು ಟೇಪು ಮಾಡಿ, ಮನೆಗೆ ಬಂದು ಒಂದೊಂದೇ ಪದ ಟೈಪು ಮಾಡಿದ್ದಳು. ಅವೇ ಕ್ಯಾಸೆಟ್ಟುಗಳ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡಿದ್ದರಿಂದ ಆ ದನಿಗಳು ಈಗ ಅಕ್ಷರದಲ್ಲಷ್ಟೇ ಉಳಿದಿದ್ದವು. ಅವರಲ್ಲಿ ನಾಲ್ವರು ತೀರಿಕೊಂಡೂ ಆಗಿತ್ತು. ಸೋಮವಾರ ಸಲ್ಲಿಸಲು ಕೊನೆಯ ದಿನ. ಇನ್ನೊಂದು ಗಡುವು ಸಿಗುವುದಿಲ್ಲವೆಂದು ವಿಶ್ವವಿದ್ಯಾಲಯ ಬರೆದು ತಿಳಿಸಿತ್ತು.

ಗುರುವಾರ ಆಯುಧಪೂಜೆ. ಎಲ್ಲವನ್ನೂ ಫ್ಲಾಪಿಗಳಿಗೆ ತುಂಬಿಕೊಳ್ಳೋಣವೆಂದು ಅವಳು ಬೆಳಿಗ್ಗೆಯೇ ಕೂತಿದ್ದಳು. ಅನಂತರಾಮ ಎಬ್ಬಿಸಿದ.

"ಇವತ್ತು ಆಯುಧ ಮುಟ್ಟಬಾರದು. ನಾಳೆ ಪುನಃಪೂಜೆ ಆದಮೇಲೆ ಏನು ಬೇಕೋ ಮಾಡ್ಕೋ."

ಸ್ಕೂಟರು, ಸುತ್ತಿಗೆ, ಈಳಿಗೆಮಣೆಗಳ ಜೊತೆಗೆ ಕಂಪ್ಯೂಟರಿಗೂ ಕುಂಕುಮವಿಟ್ಟು, ಡಬ್ಬದ ಸುತ್ತ ಚೆಂಡುಹೂವಿನ ಹಾರ ಹಾಕಿದ. ಇಂಜಿನಿಯರ್ ಅಲ್ಲವೆ, ಅವನ ಭಕ್ತಿಯೂ ಪಕ್ಕಾ. ಪೂಜೆಗೆ ಕೂತ ಆಯುಧ ಪೂರ್ತಿ ವಿಶ್ರಾಂತಿಯಲ್ಲಿರಬೇಕೆಂದು ಹಿಂಬದಿಗೆ ಕೈ ಹಾಕಿ ಅಲ್ಲಿನ ಕಪ್ಪು ಸ್ವಿಚ್ಚನ್ನೂ ಆರಿಸಿ, ಅದಕ್ಕೂ ಒಂದು ಬೊಟ್ಟಿಟ್ಟ.

ಆಮೇಲೆ ಅದನ್ನು ಮರೆತೂಬಿಟ್ಟ. ಶುಕ್ರವಾರ ವಿಜಯದಶಮಿಯ ಪೂಜೆ ಮುಗಿದು ಶೈಲಜಾ ಮುಂದಿನ ಗುಂಡಿ ಒತ್ತಿದರೆ ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ.

"ಮೆಕ್ಯಾನಿಕ್ಕನ್ನ ಕರೆಸೋಣ."

"ನಾನಿನ್ನೂ ಸತ್ತಿಲ್ಲ" ಎಂದ ಅನಂತರಾಮ. ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿದ, ಉರಿಯಿತು. ವೈರು ಬದಲಿಸಿದ. ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು ರಬ್ಬರಿನಿಂದ ತಿಕ್ಕಿ ಮತ್ತೆ ಸಿಕ್ಕಿಸಿದ. ಪ್ರತಿ ಸಲ "ಈಗ ನೋಡು" ಎನ್ನುವನು. ಅವಳು ಅಡುಗೆಮನೆಯಿಂದ ಓಡಿ ಬಂದು ನೋಡುವಳು. ಮಧ್ಯಾಹ್ನದ ಮೇಲೆ ಅವಳು ಓಡಿ ಬರುವುದನ್ನು ನಿಲ್ಲಿಸಿದಳು. ಹತ್ತು ವರ್ಷದ ಹಂಸಿನಿ ಅಪ್ಪನ ಪಕ್ಕ ಟಾರ್ಚ್ ಹಿಡಿದು ಕೂತೇ ಇದ್ದಳು.

ಸಂಜೆ ಅವನು ರಾವಣದಹನ ನೋಡಲು ಮೈದಾನಕ್ಕೆ ಹೋದ. ಶೈಲಜಾ ಟಾರ್ಚ್ ತೆಗೆದುಕೊಂಡು ಡಬ್ಬದ ಹಿಂದೆ ಬಗ್ಗಿದಳು. ಬೊಟ್ಟಿಟ್ಟುಕೊಂಡ ಕಪ್ಪು ಸ್ವಿಚ್ಚು ಕಂಡಿತು. ಆರಿದೆ! ಇಷ್ಟಕ್ಕೇನಾ ಇಡೀ ದಿನ! ಅವಳಿಗೆ ನಗು ಬಂತು, ಅಳುವೂ ಬಂತು. ಆ ಗಳಿಗೆಯಲ್ಲಿ ಗಂಡನನ್ನು ಕ್ಷಮಿಸಿಯೂಬಿಟ್ಟಳು. ಸ್ವಿಚ್ ಹಾಕಿದಳು.

ಢಬ್ ಎಂದಿತು.

"ಮಮ್ಮಾ, ರಾವಣ್ ಜಲ್ ಗಯಾ ಕ್ಯಾ?" ಎಂದು, ರಾವಣ ಸುಟ್ಟ ಸದ್ದೆಂದುಕೊಂಡ ಹಂಸಿನಿ ಬಾಲ್ಕನಿಯಿಂದ ಕೂಗಿದಳು. ಡಬ್ಬದಿಂದ ಹೊಗೆ ಬರುತ್ತಿತ್ತು.

ಶನಿವಾರ, ಇಂಜಿನಿಯರ್ ಮನೆಗೆ ಮೆಕ್ಯಾನಿಕ್ ಬಂದ. ಹಿಂಬದಿ ನೋಡುತ್ತಲೇ ಹಣೆ ಚಚ್ಚಿಕೊಂಡ. ಕಪ್ಪು ಸ್ವಿಚ್ಚಿನ ಕೆಳಗೆ ಇನ್ನೊಂದು ಪುಟ್ಟ ಕೆಂಪು ಗುಂಡಿಯಿತ್ತು. "ಯೇ ಏಕ್ ಸೌ ಪಂದ್ರಹ್ ಪೇ ಕಿಸ್ನೇ ಕಿಯಾ?" ಎಂದು, ಯಾರ ಕೈಕೆಲಸ ಇದು ಎಂಬಂತೆ ಕೇಳಿದ. ಇಲ್ಲಿನ ಕರೆಂಟಿಗೆ ಅದು ಇನ್ನೂರ ಮೂವತ್ತು ವೋಲ್ಟಿನಲ್ಲೇ ಇರಬೇಕು, ನೂರ ಹದಿನೈದಕ್ಕೆ ಎಳೆದು ಸ್ವಿಚ್ ಹಾಕಿದರೆ ಸುಡದೆ ಇನ್ನೇನು? ಅಗ್ಗದ ಪವರ್ ಸಪ್ಲೈ ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಗಿತ್ತು.

"ಡೇಟಾ ಭೂಲ್ ಜಾಯಿಯೇ, ಮ್ಯಾಡಮ್." ಒಳಗಿದ್ದದ್ದನ್ನು ಮರೆತುಬಿಡಿ ಎಂದ.

"ಪಪ್ಪಾನೇ ಮಾಡಿದ್ದು" ಎಂದಳು ಹಂಸಿನಿ. "ಹಬ್ಬಕ್ಕೆ ವೋಲ್ಟೇಜ್ ಕಮ್ ಇದೆ, ಇದೂ ಕಮ್ ಇರ್ಬೇಕು ಅಂದ್ರು. ನಾನು ಟಾರ್ಚ್ ಹಿಡ್ದಿದ್ದೆ ನಾ..."

"ನೀನು ಒಳಗೆ ಹೋಗು" ಎಂದ ಅನಂತರಾಮ.

ಶೈಲಜಾ ಗಂಡನ ಮುಖ ನೋಡಿದಳು. ಅವನು ಫೋನಿನ ಹತ್ತಿರ ಹೋಗಿ ಪಕ್ಕದ ಬ್ಲಾಕಿನ ಗೆಳೆಯ ದಕ್ಷಿಣಾಮೂರ್ತಿಗೆ ಫೋನು ಮಾಡಿದ. "ಏನ್ ಹೇಳ್ಲಿ ಮಾರಾಯ, ನಾನಿಲ್ಲದಾಗ ಇವಳೇ ಹಿಂದುಗಡೆ ಕೈ ಹಾಕಿ ಸ್ವಿಚ್ ಹಾಕಿಬಿಟ್ಟಿದಾಳೆ. ಇನ್ನೊಂದು ಗಂಟೆ ಬಿಟ್ಟಿದ್ರೆ ನಾನೇ ಸರಿಮಾಡ್ತಿದ್ದೆ." ಇದರಲ್ಲಿ ಸುಳ್ಳು ಎನ್ನಬಹುದಾದ್ದು ಕೊನೆಯ ಮಾತೊಂದೇ.

ಅವನು ಮುಗಿಸುವವರೆಗೂ ಅವಳು ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ರಿಸೀವರ್ ತೆಗೆದುಕೊಂಡು ತನ್ನ ಗೈಡ್ ಬಸವಲಿಂಗಪ್ಪನವರ ನಂಬರು ಒತ್ತಿ, ಆರು ವರ್ಷದ ಕೆಲಸ ಹೋಯಿತೆಂದು ಹೇಳಿದಳು.

"ಅಯ್ಯೋ, ಹೋಯ್ತು ಅಂದ್ರೆ? ಹೇಗಾಯ್ತಮ್ಮ?"

ಅನಂತರಾಮ ಅವಳನ್ನೇ ನೋಡುತ್ತಿದ್ದ. ಹೇಳಬೇಡ ಎಂಬಂತೆ ತಲೆಯನ್ನೂ ಆಡಿಸಿದ.

"ನಮ್ಮ ಮನೆಯವರು ಇಂಜಿನಿಯರ್, ಸರ್" ಎಂದಳು ಶೈಲಜಾ.