ಗುಂಡಿಗೆ ಸುತ್ತಿದ ತಂತಿ

ಭಾನುವಾರ ಮಧ್ಯಾಹ್ನ ಸೂಪರ್‌ವೈಸರ್ ಕರಿಬಸಪ್ಪ ಪೀಣ್ಯದಲ್ಲಿದ್ದ ರೇವಣಸಿದ್ದನ ತಗಡಿನ ಕೋಣೆಗೆ ಬಂದಾಗ ಅವನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿಯಿತ್ತು, ಕೈಯಲ್ಲಿ ಕಪ್ಪಿಟ್ಟ ಬಾಳೆಹಣ್ಣು. ಹಣ್ಣನ್ನು ಒಲೆಯ ಬಳಿ ಇಟ್ಟು, ಇದ್ದ ಒಂದೇ ಕುರ್ಚಿಯನ್ನು ಯಾರೂ ಕೊಡುವ ಮೊದಲೇ ಎಳೆದುಕೊಂಡು ಕೂತ.

ರೇವಣಸಿದ್ದ ಚಾಪೆಯ ಮೇಲೆ ಗೋಡೆಗೊರಗಿದ್ದ. ಬಲಗೈಗೆ ಬ್ಯಾಂಡೇಜು, ಅದರೊಳಗೆ ಎರಡು ಬೆರಳು ಇರಲಿಲ್ಲ. ಅವನ ಪ್ರೆಸ್ ಮಷೀನಿಗೆ ಎರಡು ಗುಂಡಿ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ; ಕೈ ಒಳಗೆ ಉಳಿಯಬಾರದೆಂದೇ ಹಾಗೆ. ಒಂದು ಗುಂಡಿಯನ್ನು ತಂತಿಯಿಂದ ಬಿಗಿದುಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಕೆಲಸ ಓಡುತ್ತದೆ. ತಂತಿ ತಂದುಕೊಟ್ಟವನು ಕರಿಬಸಪ್ಪ. ಕಟ್ಟಿದವನು ರೇವಣಸಿದ್ದ.

"ನಾಳೆ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರ ತಮ್ಮಾ," ಎಂದ ಕರಿಬಸಪ್ಪ. "ಯಾರೂ ಹೇಳಿಲ್ಲ, ನನ್ನಷ್ಟಕ್ಕ ನಾನ ಕಟ್ಟೀನಿ ಅಂದ್ಬಿಡು. ಇಲ್ಲಾಂದ್ರ ನನ್ನ ನೌಕರಿ ಹೋಗ್ತದ. ನಿನಗ ಗೇಟಿನ ಕಡೆ ಹಗುರ ಕೆಲಸ ಕೊಡಿಸ್ತೀನಿ."

"ಕಟ್ಟು ಅಂದವರು ನೀವಲ್ಲೇನ್ರೀ ಅಣ್ಣಾರ?" ಒಲೆಯ ಮುಂದಿದ್ದ ರೇವಣಸಿದ್ದನ ಹೆಂಡತಿ ಬಸಕ್ಕ ಕೇಳಿದಳು.

"ನಾ ಏನ್ ಮಾಡ್ಲಿ ತಂಗಿ? ಮ್ಯಾಲಿನವರು ನನ್ನ ಕುತ್ತಿಗಿ ಹಿಡದ್ರು. ಅವರ ಕುತ್ತಿಗಿ ಮತ್ತೊಬ್ರು ಹಿಡದಿರ್ತಾರ. ಎಲ್ಲಾ ಒಂದಕ್ಕೊಂದು ಕೊಂಡಿ. ಶಿವನ ಆಜ್ಞೆ ಇಲ್ದ ಹುಲ್ಲುಕಡ್ಡೀನೂ ಅಲುಗಾಡಂಗಿಲ್ಲ."

"ಹಂಗಾರ ಇವರು ಕಟ್ಟಿದ್ದೂ ಶಿವನ ಆಜ್ಞೇನ ಏನ್ರೀ?"

"ಅದು ಬ್ಯಾರೆ. ಅವನ ಕೈ ಯಾರರ ಹಿಡದಿದ್ರೇನು? ಒಲ್ಲೆ ಅನಬೇಕಾಗಿತ್ತು. ಮನಶ್ಯಾಗ ಸ್ವಂತ ಬುದ್ಧಿ ಅಂತ ಒಂದು ಇರ್ತದಲ್ಲ."

ಬಸಕ್ಕ ನಕ್ಕಳು. "ನಿಮ್ಮ ಶಿವ ಭಾಳ ಶಾಣ್ಯಾ ಅದಾನ ಬಿಡ್ರಿ. ಸೂಪರ್‌ವೈಸರನ ಕುರ್ಚಿ ಮಟ ಬಂದು ನಿಲ್ತಾನ, ಮಷೀನಿನ ಮಟ ಇಳಿಯಂಗಿಲ್ಲ."

ಕರಿಬಸಪ್ಪ ಹಣೆ ಒರೆಸಿಕೊಂಡ. ವಿಭೂತಿ ಕಲಸಿದ ಹಿಟ್ಟಿನಂತಾಯಿತು. ಅವನಿಗೆ ನಾಚಿಕೆಯಾಗಿರಲಿಲ್ಲ, ಸೆಕೆಯಾಗಿತ್ತು.

ರೇವಣಸಿದ್ದ ನಿಧಾನವಾಗಿ ಕೇಳಿದ: "ತಂತಿ ಭೀಮಪ್ಪಗ ಯಾಕ ಕೊಡ್ಲಿಲ್ರೀ? ಬಾಜೂ ಮಷೀನಿನಾಗ ಅವನ ಇದ್ದ."

"ಆ ಮೊಂಡಗ? ಹಿಂದೊಮ್ಮೆ ಕೊಟ್ಟಿದ್ದೆ, ಮಾರಿಗೆ ಒಗದ. ಅವ ಕಟ್ಟಾಂವಲ್ಲ."

"ನಾ ಕಟ್ತೀನಿ ಅಂತ ಗೊತ್ತಿತ್ತು."

"ಗೊತ್ತಿರದ ಏನು? ಇಷ್ಟು ವರ್ಷ ನೋಡೀನಿ. ನಿನಗ ಒಂದು ಮಾತು ಹೇಳಿದ್ರ ಗುಂಡಿ ಒತ್ತಿದಂಗ." ಹೊಗಳಿದೆನೆಂದುಕೊಂಡು ಕರಿಬಸಪ್ಪ ಹಲ್ಲು ಬಿಟ್ಟ.

ರೇವಣಸಿದ್ದ ಬ್ಯಾಂಡೇಜನ್ನು ನೋಡಿಕೊಂಡ. ಊರಲ್ಲಿ ಹಾಯುವ ಎತ್ತಿನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಬಾರುಕೋಲು ಬೀಳುತ್ತಿದ್ದುದು ಸಾಧು ಎತ್ತಿನ ಬೆನ್ನಿಗೇ. ಆದರೆ ಒಲ್ಲೆ ಅನ್ನಲು ಎತ್ತಿಗೆ ಬಾಯಿಲ್ಲ. ಭೀಮಪ್ಪನಿಗಿತ್ತು. ತನಗೂ ಇತ್ತು.

"ನಾಳೆ ಹೇಳ್ತೀನ್ರಿ," ಎಂದ.

ಕರಿಬಸಪ್ಪ ಎದ್ದ. "ನನಗ ಗೊತ್ತಿತ್ತು ತಮ್ಮಾ."

"ತಂತಿ ನಾನ ಕಟ್ಟೀನಿ ಅಂತ ಹೇಳ್ತೀನಿ, ಅದು ಖರೆ. ಕೊಟ್ಟವರು ನೀವು ಅಂತ ಹೇಳ್ತೀನಿ, ಅದೂ ಖರೆ. ನಾ ಕಟ್ಟೇ ಕಟ್ತೀನಿ ಅಂತ ಗೊತ್ತಿದ್ದ ಕೊಟ್ರಿ ಅಂತಾನೂ ಹೇಳ್ತೀನಿ. ಈಗ ನಿಮ್ಮ ಬಾಯಿಂದನ ಬಂತಲ್ಲ."

ಕರಿಬಸಪ್ಪ ಬಾಗಿಲ ಕಡೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ. "ಹಿಂಗ ಮಾತಾಡು ಅಂತ ಯಾರು ಹೇಳಿಕೊಟ್ರೋ ನಿನಗ?"

"ಯಾರೂ ಹೇಳಿಲ್ಲ. ನನ್ನಷ್ಟಕ್ಕ ನಾನ."

ಬಸಕ್ಕ ಬಾಳೆಹಣ್ಣನ್ನು ತಂದು ಕರಿಬಸಪ್ಪನ ಕೈಗೆ ಹಿಡಿಸಿದಳು. ಅವನು ಹೊಸ್ತಿಲು ದಾಟುವ ಮೊದಲೇ ಒದ್ದೆ ಅರಿವೆ ತೆಗೆದುಕೊಂಡು ಕುರ್ಚಿ ಒರೆಸತೊಡಗಿದಳು.