ತೊಳೆದ ಮೊಟ್ಟೆಗಳು

ಆ ಶನಿವಾರ ಬೆಳಗ್ಗೆ ವರ್ಷದ ಮೊದಲ ಹಿಮ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿದ್ದಿತ್ತು. ಹಳ್ಳದ ಮೇಲಿನ ಮಂಜು ಏಳಲು ಮನಸ್ಸಿಲ್ಲದೆ ಅಲ್ಲೇ ತೂಗಾಡುತ್ತಿತ್ತು. ಗುಡ್ಡದ ನೆತ್ತಿಯ ಮರಗಳಿಗೆ ಬಿಸಿಲು ತಾಗಿತ್ತಾದರೂ ಅದು ಕೆಳಗಿನ ಮನೆಗಳಿಗೆ ಇಳಿಯಲು ಇನ್ನೂ ಬಹಳ ಹೊತ್ತಿತ್ತು. ಕೆಂಟಕಿಯ ಆ ಇಕ್ಕಟ್ಟು ಕಣಿವೆಗಳಲ್ಲಿ ಸೂರ್ಯನೂ ಸಾವಕಾಶದ ಆಸಾಮಿ. ದೇವರು ಕಳಿಸಿದಾಗ ಬರುತ್ತಾನೆ, ಬಂದಷ್ಟರಲ್ಲೇ ಕೆಲಸ ಮುಗಿಸಿಕೊಳ್ಳಬೇಕು.

ಆರ್ಡಿತ್ ಟಾರ್ಚು ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿದಳು. ಮಾರನೆಯ ದಿನ ಅವರ ಪುಟ್ಟ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಬರುವ ದೊಡ್ಡ ಭಾನುವಾರ. ರೊಟ್ಟಿ ಮುರಿದು ಹಂಚಿಕೊಂಡು, ಒಬ್ಬರ ಪಾದವನ್ನು ಇನ್ನೊಬ್ಬರು ತೊಳೆದು, ಆಮೇಲೆ ಮರದಡಿ ಹಲಗೆ ಹಾಸಿ ಎಲ್ಲರೂ ಕೂಡಿ ಉಣ್ಣುವ ದಿನ. ಆ ಹಲಗೆಯ ಮೇಲೆ ಆರ್ಡಿತಳ ಕಸ್ಟರ್ಡ್ ಪೈ ಮತ್ತು ಬೇಯಿಸಿದ ಮೊಟ್ಟೆ ಇಲ್ಲದ ವರ್ಷವನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಕೋಳಿಗಳೇನೋ ಪುಕ್ಕ ಉದುರಿಸಿಕೊಂಡು ಮೂಲೆ ಹಿಡಿದಿದ್ದವು, ಮೊಟ್ಟೆ ಇಡುವುದನ್ನು ನಿಲ್ಲಿಸಿ ಎಷ್ಟೋ ದಿನವಾಗಿತ್ತು. ಅದಕ್ಕೆಂದೇ ಅವಳು ಪ್ರತಿ ವಸಂತದಲ್ಲಿ, ಕೋಳಿಗಳು ಕೈ ಬಿಚ್ಚಿ ಕೊಡುವ ಕಾಲದಲ್ಲಿ, ದೊಡ್ಡ ಭರಣಿಯಲ್ಲಿ ಸುಣ್ಣದ ತಿಳಿನೀರು ತುಂಬಿ ಅದರೊಳಗೆ ಮೊಟ್ಟೆ ಜೋಡಿಸಿಡುತ್ತಿದ್ದಳು. ಚೂಪಾದ ತುದಿ ಕೆಳಗೆ, ಮೊಂಡು ತುದಿ ಮೇಲೆ. ಹಾಗಿಟ್ಟ ಮೊಟ್ಟೆ ಚಳಿಗಾಲ ದಾಟಿದರೂ ನಿನ್ನೆ ಇಟ್ಟದ್ದರಂತೆ ಇರುತ್ತಿತ್ತು. ಕುದಿಸುವ ಮೊದಲು ಸೂಜಿಯಿಂದ ಒಂದು ತೂತು ಚುಚ್ಚಬೇಕು, ಇಲ್ಲವಾದರೆ ಸುಣ್ಣ ಮುಚ್ಚಿದ ಚಿಪ್ಪು ಒಡೆಯುತ್ತದೆ. ಅದೊಂದೇ ತೊಂದರೆ.

ಮುಚ್ಚಳ ತೆಗೆದಳು. ನೀರಿನ ಮೇಲೆ ತೆಳ್ಳಗಿನ ಗಾಜಿನಂಥ ಪೊರೆ ಇರಬೇಕಿತ್ತು. ಪೊರೆ ಒಡೆದು, ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಗಿತ್ತು. ಅಷ್ಟರಲ್ಲಿ ವಾಸನೆ ಮೂಗಿಗೆ ಹೊಡೆಯಿತು. ಆರ್ಡಿತ್ ಸೆರಗಿನಂತೆ ಏಪ್ರನ್ನಿನ ತುದಿಯನ್ನು ಮೂಗಿಗೆ ಒತ್ತಿಕೊಂಡಳು.

ಮೇಲಿನ ಒಂದು ಮೊಟ್ಟೆ ಎತ್ತಿ ಬಟ್ಟಲಿಗೆ ಒಡೆದಳು. ಹಸಿರು. ಇನ್ನೊಂದು. ಕಪ್ಪು. ಮೂರನೆಯದನ್ನು ಒಡೆಯಲಿಲ್ಲ, ಹೆಬ್ಬೆರಳಿಂದ ಉಜ್ಜಿದಳು. ನುಣ್ಣಗಿತ್ತು. ಅಂಗಡಿಯ ಮೊಟ್ಟೆಯಂತೆ, ಹೊಸ ಪಿಂಗಾಣಿಯಂತೆ, ಬೆರಳು ಜಾರುವಷ್ಟು ನುಣ್ಣಗೆ.

ಕೋಳಿ ಮೊಟ್ಟೆ ಇಡುವಾಗ ಅದರ ಮೇಲೊಂದು ತೆಳು ಹೊದಿಕೆ ಹೊದಿಸಿ ಕಳಿಸುತ್ತದೆ. ಒದ್ದೆಯಾಗಿ ಬಂದು ಗಾಳಿಗೆ ಒಣಗುವ ಆ ಹೊದಿಕೆ ಇರುವವರೆಗೆ ಮೊಟ್ಟೆಯೊಳಕ್ಕೆ ಕೊಳೆ ಹೋಗದು. ಅದು ಹೋದ ಮೊಟ್ಟೆಯನ್ನು ಅಂದೋ ಮರುದಿನವೋ ತಿಂದು ಮುಗಿಸಬೇಕು, ಅಥವಾ ಫ್ರಿಜ್ಜಿಗೆ ಹಾಕಬೇಕು. ಸುಣ್ಣದ ನೀರಿಗೆ ಮಾತ್ರ ಹಾಕುವಂತಿಲ್ಲ. ಇದು ಆ ಕಣಿವೆಯಲ್ಲಿ ಜಡೆ ಹೆಣೆಸಿಕೊಳ್ಳುವ ವಯಸ್ಸಿನ ಹುಡುಗಿಗೂ ಗೊತ್ತು.

"ತೊಳೆದಿದಾಳೆ," ಅಂದಳು ಆರ್ಡಿತ್, ಕತ್ತಲಿಗೆ. "ದೇವ್ರೇ, ನನ್ನ ಮೊಟ್ಟೆ ತೊಳೆದಿದಾಳೆ."

ಮೇ ತಿಂಗಳಲ್ಲಿ ಆರ್ಡಿತಳಿಗೆ ಪಿತ್ತಕೋಶದ ಆಪರೇಷನ್ ಆಗಿ ಪಟ್ಟಣದ ಆಸ್ಪತ್ರೆಯಲ್ಲಿದ್ದಾಗ ಕೋಳಿ ನೋಡಿಕೊಂಡವಳು ಹಳ್ಳದಾಚೆಯ ಲಿಯೋಟಾ, ಅವಳ ವಾರಗಿತ್ತಿ. ಆರ್ಡಿತಳ ಗಂಡನೂ ಲಿಯೋಟಾಳ ಗಂಡ ಬರ್ಲನೂ ಅಣ್ಣತಮ್ಮಂದಿರು. ಇಬ್ಬರೂ ಈಗ ಗುಡ್ಡದ ಮೇಲಿನ ಸಮಾಧಿಯಲ್ಲಿ ಅಕ್ಕಪಕ್ಕ ಮಲಗಿದ್ದರು. ಅರ್ಧ ತುಂಬಿದ ಭರಣಿಯನ್ನು ತೋರಿಸಿ, ಗಲೀಜಾದವನ್ನು ಬೇರೆ ಇಡು, ನೀರು ಮಾತ್ರ ಮುಟ್ಟಿಸಬೇಡ ಎಂದು ಆರ್ಡಿತ್ ಕಾರು ಹತ್ತುವ ಮುಂಚೆಯೂ ಹೇಳಿದ್ದಳು.

ಭರಣಿಯನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದು ಮಗುಚಿದಳು. ಒಂದು ನುಣುಪು ಮೊಟ್ಟೆಯನ್ನು ಜೇಬಿಗಿಳಿಸಿ, ಊರುಗೋಲನ್ನೂ ಮರೆತು, ಹಳ್ಳದ ಮೇಲಿನ ಕಾಲುಸಂಕ ದಾಟಿ ನಡೆದಳು.

ಲಿಯೋಟಾ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಳು. ಆ ಮನೆಯ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಬಂದವರು ಅಲ್ಲಿ ಕಾಲಿಡಲು ಎರಡು ಸಲ ಯೋಚಿಸುತ್ತಿದ್ದರು. ಆರ್ಡಿತ್ ಹಿಮ ಮೆತ್ತಿದ ಬೂಟಿನಲ್ಲೇ ಒಳಗೆ ಬಂದು ಮೊಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಏನಕ್ಕ ಇದು?"

"ನೀನೇ ಹೇಳು. ನೀನು ಹೆತ್ತ ಕೂಸು."

ಲಿಯೋಟಾ ಮೊಟ್ಟೆ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ಹಾಳಾಯ್ತಾ?"

"ಹಾಳಾಯ್ತಾ? ಪೂರ್ತಿ ಭರಣಿ! ನಾನಿಟ್ಟದ್ದೂ ಹೋಯ್ತು, ನೀನಿಟ್ಟದ್ದೂ ಹೋಯ್ತು. ಸಾಬೂನು ಹಾಕಿದ್ಯಾ, ಇಲ್ಲ ಪೌಡರೂ ಹಚ್ಚಿದ್ಯಾ?"

"ಅಕ್ಕಾ, ಆ ವಾರವೆಲ್ಲ ಮಳೆ. ಗೂಡೆಲ್ಲ ಕೆಸರು. ಒಂದೇ ಒಂದು ಶುದ್ಧವಾದ ಮೊಟ್ಟೆ ಸಿಗ್ಲಿಲ್ಲ. ಎಲ್ಲಾನೂ ಬೇರೆ ಇಟ್ಟಿದ್ರೆ ಭರಣಿ ಅರ್ಧಕ್ಕೇ ಇರೋದು."

"ಇರ್ಲಿ ಬಿಡೇ! ಅರ್ಧ ಒಳ್ಳೇದು ಇದ್ದಿದ್ರೆ ಸಾಕಿತ್ತು. ನಾನು ಹೇಳಿರ್ಲಿಲ್ವಾ ನೀರು ಮುಟ್ಟಿಸ್ಬೇಡ ಅಂತ?"

"ಹೇಳಿದ್ರಿ."

"ಮತ್ತೆ?"

ಲಿಯೋಟಾ ಚಾಕುವನ್ನು ಕೆಳಗಿಟ್ಟಳು. ಅವಳ ದನಿಯೂ ಈಗ ಏರಿತು. "ಮತ್ತೆ ನಿಮ್ಮ ಬಾಯಿಗೆ ಹೆದ್ರಿ ತೊಳೆದೆ! ಅರ್ಧ ಭರಣಿ ತೋರಿಸಿದ್ರೆ ಏನಂತಿದ್ರಿ ನೀವು? ‘ಎಲ್ಲಾ ತಿಂದ್ಯಾ, ಮಾರಿದ್ಯಾ’ ಅಂತಿದ್ರಿ. ಆಸ್ಪತ್ರೆಯಿಂದ ಬಂದು ಕಾರಿಂದ ಇಳಿಯೋಕೂ ಮುಂಚೆ ಕೇಳಿದ್ದೇನು? ‘ಭರಣಿ ತುಂಬ್ತಾ?’ ಮಳೇಲಿ ನಿಮ್ಮ ಕೋಳಿಗೂಡಲ್ಲಿ ಮೊಣಕಾಲೂರಿ ಕೂತವಳ ಯೋಗಕ್ಷೇಮ ಕೇಳಿದ್ರಾ? ಒಂದು ಒಳ್ಳೇ ಮಾತು?"

ನಿಜ ಮಾತು ಕೋಪ ಬಂದವರಿಗೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಆರ್ಡಿತಳಿಗೆ ಆ ಕ್ಷಣ ಕೈಗೆ ಸಿಕ್ಕಿದ ಕಲ್ಲೆಂದರೆ ಸತ್ತ ಮೈದುನ. ಅದನ್ನೇ ಎತ್ತಿ ಎಸೆದಳು.

"ನಿನ್ನ ಈ ತೊಳೆಯೋ ಹುಚ್ಚಿಗೇ ಬರ್ಲ್ ಪಾಪ ತನ್ನ ಮನೇಲೇ ಪರದೇಶಿ ಆದ. ಗಣಿಯಿಂದ ಬಂದೋನು ಮಸಿ ಮೈಲಿ ವರಾಂಡದಲ್ಲೇ ಕೂತು ಉಣ್ತಿದ್ದ, ನಾಯಿ ಜೊತೆ. ಮೊಟ್ಟೆ ಹಾಗೇನೇ ಗಂಡನ್ನೂ ಉಜ್ಜಿ ಉಜ್ಜಿ ಕಳ್ಕೊಂಡೆ ನೀನು."

ಲಿಯೋಟಾ ಅಳಲಿಲ್ಲ. ಮೇಜಿನ ಮೇಲಿನ ಮೊಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು.

"ಮನೆಗೆ ಹೋಗಿ ಅಕ್ಕ," ಅಂದಳು.

ಆರ್ಡಿತ್ ಹೋದಳು. ಸಂಕದ ನಡುವೆ ಒಂದು ಗಳಿಗೆ ಕಾಲು ನಿಂತಿತು. ಆದರೆ ಕೋಪಕ್ಕೆ ಹಿಂದೆ ನೋಡುವ ಅಭ್ಯಾಸವಿಲ್ಲ. ಅದು ಅವಳನ್ನು ಮನೆಯವರೆಗೂ ದಬ್ಬಿಕೊಂಡು ಹೋಯಿತು.

ಮೊಟ್ಟೆ ಹಾಳಾದ ಸುದ್ದಿಯನ್ನು ಫೋನಿನಲ್ಲಿ ಕೇಳಿ ಮಧ್ಯಾಹ್ನ ಮಗಳು ವೆಲ್ಡಾ ಪಿಕಪ್ ಗಾಡಿಯಲ್ಲಿ ಬಂದಳು, ಅಂಗಡಿಯ ಮೊಟ್ಟೆಯ ದೊಡ್ಡ ಡಬ್ಬಗಳ ಸಮೇತ.

"ಎಲ್ಲಿಂದ ತಂದೆ ಈ ಹೆಣದ ಬಣ್ಣದವನ್ನ?" ಎಂದಳು ಆರ್ಡಿತ್.

"ಊರೆಲ್ಲ ತಿನ್ನೋ ಅಂಗಡಿಯಿಂದ. ಪೈ ಒಳಗೆ ಹೋದ್ಮೇಲೆ ಅವಕ್ಕೇನು ಜಾತಕ ಬರೆದಿರುತ್ತಾ?"

"ನಾನು ಮಾಡಲ್ಲ."

"ಸರಿ, ಮಾಡ್ಬೇಡ. ನಾನೇ ಮಾಡ್ತೀನಿ, ಕೆಟ್ಟರೆ ನಿನ್ನ ಹೆಸರು ಹೇಳ್ತೀನಿ." ವೆಲ್ಡಾ ಅಂಗಿಯ ತೋಳು ಮಡಿಸಿ ಹಿಟ್ಟಿನ ಡಬ್ಬ ಇಳಿಸಿದಳು. ಹಿಟ್ಟು ಜರಡಿ ಹಿಡಿಯುತ್ತಲೇ ಮೆಲ್ಲಗೆ ಕೇಳಿದಳು, "ಬರ್ಲ್ ಚಿಕ್ಕಪ್ಪನ ವಿಷಯ ಎತ್ತಿದ್ಯಾ?"

"ಆಗ್ಲೇ ನಿನಗೆ ಊದಿದ್ಲಾ?"

"ಅವಳು ಬಾಯೇ ಬಿಟ್ಟಿಲ್ಲ. ದಾರೀಲಿ ಸಿಕ್ಕಿದ್ಲು, ಸಮಾಧಿ ಕಡೆ ಹೋಗ್ತಿದ್ಲು. ಏನಾಯ್ತು ಚಿಕ್ಕಮ್ಮ ಅಂದೆ. ‘ಬರ್ಲ್ ವರಾಂಡದಲ್ಲಿ ಯಾಕೆ ಉಣ್ತಿದ್ದ ಅಂತ ನಿಮ್ಮಮ್ಮನಿಗೆ ಗೊತ್ತಿಲ್ಲ’ ಅಂದ್ಲು ಅಷ್ಟೇ. ಅಮ್ಮ, ಆತ ಒಳಗೆ ಬರ್ತಿರ್ಲಿಲ್ಲ, ಉಸಿರು ಸಿಗ್ತಿರ್ಲಿಲ್ಲ ಅವನಿಗೆ. ಕಲ್ಲಿದ್ದಲ ಧೂಳು ಎದೇಲಿ ಕೂತಿತ್ತು. ಗಾಳಿ ಬೇಕು ಅಂತ ಹೊರಗೆ ಕೂರೋನು. ಇವಳು ಕಂಬಳಿ ಹೊದ್ದು ಪಕ್ಕದಲ್ಲೇ ಕೂತು ಉಣ್ತಿದ್ಲು, ಹಿಮ ಬೀಳೋವಾಗ್ಲೂ. ಹಳ್ಳದ ಈಚೆಯಿಂದ ನಿನಗೆ ನಾಯಿ ಮಾತ್ರ ಕಾಣಿಸ್ತೇನೋ."

ಆರ್ಡಿತಳ ಕೋಪ ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ತಪ್ಪು ಮಾಡಿದವಳು ಲಿಯೋಟಾ, ಅದರಲ್ಲಿ ಅನುಮಾನವಿಲ್ಲ. ಈಗ ನೋಡಿದರೆ ತಲೆ ತಗ್ಗಿಸಬೇಕಾದವಳು ತಾನು! ನ್ಯಾಯದ ತಕ್ಕಡಿಯನ್ನು ಯಾರೋ ತಿರುವಿ ಹಾಕಿದಂತಿತ್ತು.

"ನಾಳೆ ರೊಟ್ಟಿ ತಗೊಳ್ಳೋಕಾಗುತ್ತಾ ನಿನಗೆ?" ಎಂದಳು ವೆಲ್ಡಾ.

ಅದೇ ಪ್ರಶ್ನೆ. ಎದೆಯಲ್ಲಿ ಜಗಳ ಇಟ್ಟುಕೊಂಡು ಆ ರೊಟ್ಟಿಯನ್ನು ಮುಟ್ಟಬಾರದು. ನದಿಯಲ್ಲಿ ಮುಳುಗೆದ್ದು ದೀಕ್ಷಾಸ್ನಾನ ಪಡೆದು ಚರ್ಚಿನ ಸಭೆಗೆ ಸೇರಿದ ದಿನದಿಂದ ಆರ್ಡಿತ್ ಒಂದು ವರ್ಷವೂ ತಪ್ಪಿಸಿದವಳಲ್ಲ. ಹೆರಿಗೆಯಾದ ವಾರದಲ್ಲೂ ಹೋಗಿ ಕೂತಿದ್ದಳು, ಗಂಡ ಸತ್ತ ತಿಂಗಳಲ್ಲೂ. ಆ ತುಣುಕು ರೊಟ್ಟಿ ಅವಳ ವರ್ಷವನ್ನು ಹಿಡಿದು ನಿಲ್ಲಿಸುತ್ತಿತ್ತು.

"ಅವಳು ಮನೇಲಿ ಕೂರ್ಲಿ," ಅಂದಳು. "ನಾನ್ಯಾಕೆ ಕೂರ್ಬೇಕು?"

ಲಿಯೋಟಾ ಮನೆಯಲ್ಲಿ ಕೂರಲಿಲ್ಲ. ಭಾನುವಾರ ಚರ್ಚಿನ ಹೆಂಗಸರ ಸಾಲಿನಲ್ಲಿ, ಆರ್ಡಿತಳ ಎದುರು ಬೆಂಚಿನ ಮೇಲೆ ಬೂದು ಬಣ್ಣದ ಉಡುಪಿನಲ್ಲಿ ಕೂತಿದ್ದಳು. ಪಾದ್ರಿ ಥರ್ಲ್ ಒಂದೊಂದು ಸಾಲು ಹೇಳಿಕೊಟ್ಟಂತೆ ಸಭೆ ಅದನ್ನೇ ಎಳೆದು ಹಾಡುತ್ತಿತ್ತು. ವಾದ್ಯವಿಲ್ಲ, ತಾಳವಿಲ್ಲ, ಗುಡ್ಡದಿಂದ ಗುಡ್ಡಕ್ಕೆ ಕೂಗಿ ಕರೆದಂಥ ಹಾಡು. ಆರ್ಡಿತ್ ಬಾಯಿ ಆಡಿಸಿದಳು, ದನಿ ಹೊರಡಲಿಲ್ಲ. ಅವಳ ಕಣ್ಣು ಎದುರಿನವಳ ಮಡಿಲಲ್ಲಿದ್ದ ಕೈಗಳ ಮೇಲಿತ್ತು. ತೊಳೆದು ತೊಳೆದು ಕೆಂಪಾಗಿ, ಬೆರಳ ಗೆಣ್ಣುಗಳಲ್ಲಿ ಬಿರುಕು ಬಿಟ್ಟ ಕೈಗಳು. ಆ ಕೈಗಳನ್ನು ನೋಡಿದಷ್ಟೂ ಸಿಟ್ಟು ಬರುತ್ತಿತ್ತು.

ರೊಟ್ಟಿಯ ತಟ್ಟೆ ಬಂತು. ಆರ್ಡಿತ್ ಅದನ್ನು ಹಿಡಿದಳು. ಒಂದು ಉಸಿರಿನಷ್ಟು ಹೊತ್ತು ಹಿಡಿದೇ ಇದ್ದಳು. ತಗೋ, ಯಾರು ನೋಡುತ್ತಾರೆ ಎಂದಿತು ಮನಸ್ಸು. ನೋಡುವವನು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಏನನ್ನೂ ತೆಗೆದುಕೊಳ್ಳದೆ ತಟ್ಟೆಯನ್ನು ಪಕ್ಕದವಳಿಗೆ ದಾಟಿಸಿದಳು. ಬೆಂಚಿನುದ್ದಕ್ಕೂ ಹೆಂಗಸರ ಕತ್ತು ತಿರುಗಿದವು. ಅವಮಾನದಿಂದ ಅವಳ ಕಿವಿ ಕಾದವು. ಇವಳಿಂದ, ಇವಳೊಬ್ಬಳಿಂದ ನನ್ನ ಕೈ ಬರಿದಾಯಿತು ಎಂದು ಹಲ್ಲು ಕಚ್ಚಿ ತಲೆಯೆತ್ತಿದಾಗ, ಎದುರು ಸಾಲಿನಲ್ಲಿ ತಟ್ಟೆ ಲಿಯೋಟಾಳ ಹತ್ತಿರ ಬಂದಿತ್ತು. ಲಿಯೋಟಾಳೂ ಅದನ್ನು ಮುಟ್ಟದೆ ಮುಂದಕ್ಕೆ ಕೊಟ್ಟಳು.

ಆಮೇಲೆ ಬಿಸಿನೀರಿನ ಬೋಗುಣಿಗಳು ಬಂದವು. ಹೆಂಗಸರು ಕಾಲುಚೀಲ ಕಳಚತೊಡಗಿದರು. ಯಾರು ಯಾರ ಬಳಿಗೆ ಹೋಗಬೇಕೆಂದು ಅಲ್ಲಿ ಯಾರೂ ಹೇಳುವುದಿಲ್ಲ; ಕಾಲು ಕರೆದಲ್ಲಿ ಹೋಗುತ್ತಾರೆ. ಲಿಯೋಟಾ ಎದ್ದು, ಉದ್ದನೆಯ ಬಿಳಿ ಟವಲನ್ನು ಸೊಂಟಕ್ಕೆ ಕಟ್ಟಿಕೊಂಡು, ಬೋಗುಣಿಯನ್ನು ತಂದು ಆರ್ಡಿತಳ ಮುಂದೆ ಮಂಡಿಯೂರಿದಳು.

"ಕಾಲು ಕೊಡಿ ಅಕ್ಕ."

"ನನ್ನ ಕೋಪ ಇನ್ನೂ ಹೋಗಿಲ್ಲ," ಎಂದಳು ಆರ್ಡಿತ್ ಹಲ್ಲಿನ ಸಂದಿನಿಂದ.

"ನಂದೂ ಹೋಗಿಲ್ಲ. ನೀರು ಆರ್ತಿದೆ."

ಆರ್ಡಿತ್ ಕಾಲು ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ? ಲಿಯೋಟಾ ಎರಡೂ ಅಂಗೈಯಲ್ಲಿ ನೀರು ತುಂಬಿ ಹಿಮ್ಮಡಿಯ ಮೇಲೆ ಬಿಟ್ಟಳು, ಬೆರಳ ಸಂದುಗಳನ್ನು ಒಂದೊಂದಾಗಿ ತೊಳೆದಳು. ಉಳಿದ ಹೆಂಗಸರು ನೀರು ಚಿಮುಕಿಸಿ ಒರೆಸಿ ಮುಗಿಸಿದ್ದರು. ಇವಳಿಗೆ ಅರ್ಧಂಬರ್ಧ ಕೆಲಸ ಗೊತ್ತಿರಲಿಲ್ಲ. ಈ ಕೈಗಳು ಮೇ ತಿಂಗಳ ಮಳೆಯಲ್ಲಿ ಕೆಸರು ಮೊಟ್ಟೆಗಳನ್ನು ಹೀಗೇ ಒಂದೊಂದಾಗಿ ಹಿಡಿದಿರಬೇಕು, ಎಲ್ಲಿ ಒಡೆಯುತ್ತದೋ ಎಂದು, ಎಲ್ಲಿ ತನ್ನಿಂದ ಬೈಗುಳ ತಿನ್ನಬೇಕಾಗುತ್ತದೋ ಎಂದು. ಆರ್ಡಿತಳಿಗೆ ಕೋಪ ಇನ್ನೂ ಇತ್ತು. ಆದರೆ ಈಗ ಅದು ಯಾರ ಮೇಲೆ ಎಂಬುದು ಅಷ್ಟು ಸ್ಪಷ್ಟವಿರಲಿಲ್ಲ.

ಲಿಯೋಟಾ ಟವಲಿನ ತುದಿಯಿಂದ ಎರಡೂ ಪಾದಗಳನ್ನು ಒತ್ತಿ ಒರೆಸಿದಳು. ಎದ್ದು, ಸೊಂಟದ ಗಂಟು ಬಿಚ್ಚಿ, ಟವಲನ್ನು ಬೆಂಚಿನ ಮೇಲಿಟ್ಟಳು. ಕೊಡಲಿಲ್ಲ, ಇಟ್ಟಳು. ಬೇಕಿದ್ದರೆ ತಗೋ, ಬೇಡವಾದರೆ ಬಿಡು ಎಂಬಂತೆ. ತನ್ನ ಜಾಗಕ್ಕೆ ಹೋಗಲು ತಿರುಗಿದಳು.

"ಎಲ್ಲಿಗೆ ಹೊರಟೆ?" ಎಂದಳು ಆರ್ಡಿತ್. "ಕೂತ್ಕೋ."

ಲಿಯೋಟಾ ನಿಂತಳು, ಆಮೇಲೆ ಬೆಂಚಿನ ತುದಿಯಲ್ಲಿ ಕೂತಳು. ಆರ್ಡಿತ್ ಟವಲನ್ನು ಸೊಂಟಕ್ಕೆ ಸುತ್ತಿ, ಬೆಂಚನ್ನು ಹಿಡಿದು, ಒಂದು ಮಂಡಿಯಾದ ಮೇಲೆ ಇನ್ನೊಂದು ಮಂಡಿ ಊರಿದಳು. ಆಪರೇಷನ್ನಿನ ಗಾಯದ ಜಾಗ ಎಳೆಯಿತು. ವಾರಗಿತ್ತಿಯ ಬೂಟಿನ ದಾರವನ್ನು ತಾನೇ ಬಿಚ್ಚಿದಳು, ಕಾಲುಚೀಲ ತೆಗೆದಳು. ಸಭೆ ಹೊಸ ಹಾಡು ಎತ್ತಿಕೊಂಡಿತ್ತು. ಅದರ ನಡುವೆ ಅವಳ ಮಾತು ಒಬ್ಬರಿಗೆ ಮಾತ್ರ ಕೇಳುವಷ್ಟಿತ್ತು.

"ಮೊಟ್ಟೆ ತೊಳೆದದ್ದು ತಪ್ಪೇ," ಅಂದಳು. "ಅದನ್ನ ನಾನು ಸರಿ ಅನ್ನಲ್ಲ."

"ಅನ್ಬೇಡಿ."

"ಬರ್ಲ್ ವಿಷಯ ಸುಳ್ಳು ಹೇಳಿದೆ. ಆ ಚಳೀಲಿ ನೀನು ಅವನ ಪಕ್ಕ ಕೂತಿದ್ದೆ."

ಲಿಯೋಟಾ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

"ಮೇ ತಿಂಗಳಲ್ಲಿ," ಎಂದಳು ಆರ್ಡಿತ್, ಮಾತು ಕಷ್ಟಪಟ್ಟು ಬರುತ್ತಿತ್ತು, "ಮಳೇಲಿ... ಕೋಳಿ ನೋಡ್ಕೊಂಡೆ. ದೇವರು ನಿನಗೆ ಒಳ್ಳೇದು ಮಾಡ್ಲಿ."

ಅವಳು ಲಿಯೋಟಾಳ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗಿಳಿಸಿದಳು, ಹಿಮ್ಮಡಿಯಿಂದ ಶುರುಮಾಡಿ ಬೆರಳ ಸಂದುಗಳನ್ನು ಒಂದೊಂದಾಗಿ ತೊಳೆದಳು.