ಬೆಳಿಗ್ಗೆ ಚೆನ್ನಾಗೇ ಇದ್ಲು

ಬೆಳಿಗ್ಗೆ ಎಂಟಕ್ಕೇ ಪುಟ್ಟಿಯ ಮೈ ಕೆಂಡದಂತೆ ಸುಡುತ್ತಿತ್ತು. ಎರಡು ವರ್ಷದ ಮಗು, ತಾಯಿಯ ಕೊರಳು ಬಿಡಲೊಲ್ಲದು. ತಾಯಿ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಶಾಲೆ ಶುರುವಾಗಲು ಇನ್ನೆರಡೇ ದಿನ. ನಲವತ್ತು ಸಮವಸ್ತ್ರಗಳ ಬಟ್ಟೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಈ ವಾರ ಆಗಲೇ ಎರಡು ಸಲ ರಜೆ ಕೇಳಿ ಮಾಲೀಕನ ಮುಖ ಗಂಟಾಗುವುದನ್ನು ನೋಡಿದ್ದಳು.

ಸಂಜೆವರೆಗೂ ತಡೆಯಲಿ ಎಂದು ಜ್ವರದ ಔಷಧಿಯನ್ನು ಒಂದು ಮುಚ್ಚಳದ ಬದಲು ಎರಡು ಮುಚ್ಚಳ ಕುಡಿಸಿದಳು. ಮೈ ತಣ್ಣಗಾದ ಮೇಲೆ ಶಿಶುವಿಹಾರದ ಅಕ್ಕನ ಕೈಗೆ ಮಗುವನ್ನು ಕೊಟ್ಟಳು.

"ಯಾಕೆ ಇವತ್ತು ಇಷ್ಟು ಸಪ್ಪಗಿದ್ದಾಳೆ?" ಅಂದಳು ಅಕ್ಕ.

"ರಾತ್ರಿ ನಿದ್ದೆ ಸಾಲಿಲ್ಲ, ಅಷ್ಟೇ," ಎಂದವಳು ಹಿಂದಿರುಗಿ ನೋಡದೆ ಹೊರಟಳು.

ಮಧ್ಯಾಹ್ನ ಒಂದಕ್ಕೆ ಫೋನ್ ಬಂತು. ಪುಟ್ಟಿಗೆ ಫಿಟ್ಸ್ ಬಂದಿತ್ತು.

ತಾಯಿ ಆಸ್ಪತ್ರೆಗೆ ಓಡಿ ಬಂದಾಗ ಮಗು ಕಣ್ಣು ಅರೆಮುಚ್ಚಿ ಮಲಗಿತ್ತು. ಅಕ್ಕನೇ ಎತ್ತಿಕೊಂಡು ಓಡಿ ಬಂದಿದ್ದಳಂತೆ. ಕಾಲಲ್ಲಿ ಒಂದೇ ಚಪ್ಪಲಿ. ಅತ್ತೆಯೂ ಏದುಸಿರು ಬಿಡುತ್ತಾ ಬಂದರು.

"ಜ್ವರ ಯಾವಾಗಿಂದ ಇದೆ?" ಡಾಕ್ಟರಮ್ಮ ಕೇಳಿದರು. "ಏನಾದ್ರೂ ಔಷಧಿ ಕೊಟ್ರಾ?"

"ಇಲ್ಲ ಮೇಡಂ. ಬೆಳಿಗ್ಗೆ ಚೆನ್ನಾಗೇ ಇದ್ಲು."

ಮಾತು ತಾಯಿಯ ಬಾಯಿಂದ ತಾನಾಗಿಯೇ ಜಾರಿತ್ತು. ಅತ್ತೆ ತಕ್ಷಣ ಅಕ್ಕನ ಮೇಲೆ ಹರಿಹಾಯ್ದರು. "ಹಾಗಾದ್ರೆ ನಿಮ್ಮಲ್ಲೇ ಆಗಿರೋದು! ಮಗೂನ ನೋಡ್ಕೊಳ್ತೀರೋ, ಕಣ್ಣು ಮುಚ್ಕೊಂಡು ಕೂತಿರ್ತೀರೋ?"

"ಮಲಗಿಸೋವಾಗ ಏನೂ ಇರ್ಲಿಲ್ಲ ಅಮ್ಮಾ…" ಅಂದಳು ಅಕ್ಕ. ಪಕ್ಕದ ಹಾಸಿಗೆಯವರೆಲ್ಲ ತಿರುಗಿ ಅವಳನ್ನೇ ದಿಟ್ಟಿಸಿದರು. ತಾಯಿ ಮಗುವಿನ ಹೊದಿಕೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದಳು.

ಅಷ್ಟರಲ್ಲಿ ನರ್ಸ್ ಔಷಧಿ ತಂದಳು. ಅದೇ ಕೆಂಪು ಬಣ್ಣ, ಅದೇ ವಾಸನೆ. ಚಮಚ ಮಗುವಿನ ತುಟಿಯ ಹತ್ತಿರ ಬಂದಾಗ ತಾಯಿ ನರ್ಸಿನ ಮಣಿಕಟ್ಟು ಹಿಡಿದುಬಿಟ್ಟಳು.

"ಬೇಡ! ಬೆಳಿಗ್ಗೆ ಕೊಟ್ಟಿದ್ದೀನಿ. ಎರಡು ಪಾಲು. ಆಗ್ಲೇ ಮೈ ಸುಡ್ತಿತ್ತು… ನಾನೇ ಮುಚ್ಚಿಟ್ಟು ಕಳಿಸ್ದೆ."

ಅತ್ತೆ ಸೊಸೆಯನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು. ಡಾಕ್ಟರಮ್ಮ ಬೈಯಲಿಲ್ಲ. ಎಷ್ಟು ಗಂಟೆಗೆ, ಎಷ್ಟು ಎಂದು ಕೇಳಿ ಬರೆದುಕೊಂಡು, ರಕ್ತ ಪರೀಕ್ಷೆಗೆ ಹೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೆ ಹೇಳಿದ್ರೆ ಪಕ್ಕದಲ್ಲೇ ಕೂತಿರ್ತಿದ್ದೆ ಕಣೇ. ಬೇಡ ಅಂತಿದ್ನಾ?" ಅಷ್ಟು ಹೇಳಿ ಹೊರಟುಹೋದಳು.

ರಕ್ತ ಪರೀಕ್ಷೆಯಲ್ಲಿ ಔಷಧಿಯಿಂದಾದ ತೊಂದರೆ ಏನೂ ಕಾಣಲಿಲ್ಲ; ಕಿವಿಯ ಸೋಂಕಿನಿಂದ ಬಂದ ಜ್ವರ. ಮೂರು ದಿನಕ್ಕೆ ಪುಟ್ಟಿ ಮನೆಗೆ ಬಂದಳು, ವಾರದಲ್ಲಿ ಮೊದಲಿನ ಹಾಗೆ ಕುಣಿದಾಡತೊಡಗಿದಳು. ಶಿಶುವಿಹಾರದ ಬಾಗಿಲಲ್ಲಿ ತಾಯಿ ಕೊನೆಗೂ ಕ್ಷಮೆ ಕೇಳಿದಳು. ಅಕ್ಕ "ಹೋಗ್ಲಿ ಬಿಡು" ಅಂದಳು. ಆದರೂ ಮಗುವನ್ನು ಎತ್ತಿಕೊಳ್ಳುವ ಮುನ್ನ ಅಂಗೈಯನ್ನು ಅದರ ಹಣೆಗಿಟ್ಟು ನೋಡಿದಳು. ಅಂದಿನಿಂದ ದಿನಾ ನೋಡುತ್ತಾಳೆ. ಆ ಕೈ ಹಣೆಯಿಂದ ಏಳುವವರೆಗೂ ತಾಯಿ ನೆಲ ನೋಡುತ್ತಾ ನಿಂತಿರುತ್ತಾಳೆ.